ಹರ್ತಿಯ ಗೋಲಿ, ಚರ್ಚ್ ಸ್ಟ್ರೀಟಿನ ಚೆಂಡು

ಗದಗ ತಾಲ್ಲೂಕಿನ ಹರ್ತಿಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಗುಡಿಗಳನ್ನು. ವರ್ಷಕ್ಕೊಮ್ಮೆ ಮೆರವಣಿಗೆ ಹೊರಡುವ ಬಸವೇಶ್ವರ ಗುಡಿ, ಚಾಲುಕ್ಯರ ಕಾಲದ ಕೆತ್ತನೆಯಿರುವ ಪರಮೇಶ್ವರ ಗುಡಿ. ಇಂಥ ಊರಿನ ಹುಡುಗರಿಗೆ ಗುರಿಯ ಆಟವೆಂದರೆ ಗೋಲಿ. ಜೇಬಿನ ತುಂಬ ಗೋಲಿ ಇದ್ದರೂ ಹೊಡೆಯುವುದಕ್ಕೆಂದೇ ಒಂದನ್ನು ಬೇರೆ ಇಟ್ಟುಕೊಳ್ಳುವುದು ಗೋಲಿ ಆಡಿದವರಿಗೆಲ್ಲ ಗೊತ್ತು. ಎಷ್ಟು ಸೋತರೂ ಅದನ್ನು ಮಾತ್ರ ಕೊಡುವುದಿಲ್ಲ!

ಇಂಥ ಹುಡುಗನೊಬ್ಬ ಪಿಯುಸಿ ಮುಗಿಸಿ, ಗದಗಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿಗೆ ಓದಲು ಬಂದನೆನ್ನಿ. ಒಂದು ಭಾನುವಾರ ಗೆಳೆಯರು ಚರ್ಚ್ ಸ್ಟ್ರೀಟಿನ ‘ಅಮೀಬಾ’ದಂಥ ಬೌಲಿಂಗ್ ಕೇಂದ್ರಕ್ಕೆ ಎಳೆದೊಯ್ಯುತ್ತಾರೆ. ಕಣ್ಣೆದುರಿಗೆ 60 ಅಡಿ ಉದ್ದದ, ಮೂರೂವರೆ ಅಡಿಯಷ್ಟೇ ಅಗಲದ ನುಣುಪಾದ ಹಾದಿ. ಎರಡೂ ಅಂಚಿಗೆ ಗಟಾರು. ತುದಿಯಲ್ಲಿ ತ್ರಿಕೋನಾಕಾರದಲ್ಲಿ ನಿಂತ 10 ಪಿನ್ನುಗಳು.

ಇದು ಬರೀ ಟೈಂಪಾಸ್ ಎಂದು ಪೋಷಕರು ಮೂಗು ಮುರಿಯಬೇಕಿಲ್ಲ. 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲೇ ಈ ಆಟಕ್ಕೆ ಪದಕವಿತ್ತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿತ್ತು. ಕರ್ನಾಟಕದ ಆಕಾಶ್ ಅಶೋಕ್ ಕುಮಾರ್ ರಾಷ್ಟ್ರೀಯ ಚಾಂಪಿಯನ್ ಆದವರು.

ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ‘ಸ್ಟ್ರೈಕ್’. ಉಳಿದವನ್ನು ಎರಡನೆಯ ಎಸೆತಕ್ಕೆ ಬೀಳಿಸಿದರೆ ‘ಸ್ಪೇರ್’. ಹೊಸಬರ ಕಣ್ಣೆಲ್ಲ ಸ್ಟ್ರೈಕಿನ ಮೇಲೆ. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಸರದಿಯಲ್ಲೂ 9 ಪಿನ್ ಬೀಳಿಸಿ ಉಳಿದೊಂದನ್ನು ತಪ್ಪಿಸಿಕೊಂಡರೆ ಸಿಗುವುದು 90 ಅಂಕ. ಆ ಒಂದನ್ನೂ ಪ್ರತಿ ಸಲ ಬೀಳಿಸಿದರೆ 190! ಸ್ಪೇರಿಗೆ ಹತ್ತರ ಮೇಲೆ ಮುಂದಿನ ಎಸೆತದ ಅಂಕವೂ ಸೇರುವುದರಿಂದ ಹೀಗೆ. ಹತ್ತು ಪಿನ್ನಿಗೆ ನೂರು ಅಂಕದ ಅಂತರ.

ಅದಕ್ಕೆಂದೇ ಬಲ್ಲ ಆಟಗಾರರು ಸ್ಪೇರ್ ಚೆಂಡೊಂದನ್ನು ಬೇರೆ ಇಟ್ಟುಕೊಳ್ಳುತ್ತಾರೆ. ಇದು ಬಸ್ಸಿನ ಸ್ಟೆಪ್ನಿಯಂತೆ ಆಪತ್ಕಾಲಕ್ಕೆ ಇಟ್ಟದ್ದಲ್ಲ, ಪ್ರತಿ ಆಟದಲ್ಲೂ ಬೇಕಾದದ್ದು. ಲೇನಿನ ಮೊದಲ ಸುಮಾರು 40 ಅಡಿಗೆ ಎಣ್ಣೆ ಸವರಿರುತ್ತಾರೆ, ಮುಂದೆ ಒಣ ನೆಲ. ರಿಯಾಕ್ಟಿವ್ ರೆಸಿನ್ ಹೊದಿಕೆಯ ಚೆಂಡು ಒಣ ನೆಲ ಮುಟ್ಟಿದೊಡನೆ ಹಿಡಿತ ಸಿಕ್ಕು ಬಾಗುತ್ತದೆ. ಪಿನ್ನುಗಳ ಗುಂಪಿಗೆ ಓರೆಯಾಗಿ ನುಗ್ಗಲು ಇದು ವರ. ಗಟಾರಿನ ಮಗ್ಗುಲಲ್ಲಿ ಒಂಟಿಯಾಗಿ ನಿಂತ ಪಿನ್ನಿಗೆ ಇದೇ ಶಾಪ. ಆಟ ಸಾಗಿದಂತೆ ಎಣ್ಣೆ ಸರಿದು, ತಿರುವು ಎಲ್ಲಿ ಶುರುವಾದೀತೆಂದು ಹೇಳುವುದೇ ಕಷ್ಟ. ಪಾಲಿಯೆಸ್ಟರ್ ಹೊದಿಕೆಯ ಚೆಂಡಿಗೆ, ಆಡುಮಾತಿನಲ್ಲಿ ‘ಪ್ಲಾಸ್ಟಿಕ್’ ಚೆಂಡಿಗೆ, ಈ ಚಂಚಲತೆ ಕಡಿಮೆ. ಮಣಿಕಟ್ಟು ತಿರುಚದೆ ಬಿಟ್ಟರೆ ಬಹುಮಟ್ಟಿಗೆ ನೇರ ಹೋಗುತ್ತದೆ.

ಮಗ ಚೆಂಡು ಕೊಡಿಸಿ ಎಂದು ಪತ್ರ ಬರೆದರೆ ತಂದೆತಾಯಿ ಗಾಬರಿಯಾಗಬೇಕಿಲ್ಲ. ಕೇಂದ್ರದ ಕಪಾಟಿನಲ್ಲಿರುವ ಚೆಂಡುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವೇ. ಕಲಿಯುವವನಿಗೆ ಮೊದಮೊದಲು ಅವೇ ಸಾಕು. ಚೆಂಡಿನ ಮೇಲೆ ಪೌಂಡಿನಲ್ಲಿ ತೂಕ ಬರೆದಿರುತ್ತದೆ, 16ಕ್ಕಿಂತ ಹೆಚ್ಚಿಲ್ಲ. ಮೈತೂಕದ ಹತ್ತನೆಯ ಒಂದು ಪಾಲು ಎಂಬುದು ರೂಢಿಯ ಅಂದಾಜು: 50 ಕಿಲೋ ತೂಗುವವನಿಗೆ 11 ಪೌಂಡು. ಭುಜ ನೋವೆನಿಸಿದರೆ ಇನ್ನೂ ಹಗುರದ್ದು. ಹೆಬ್ಬೆರಳು ತೂತಿನಲ್ಲಿ ಸಲೀಸಾಗಿ ತಿರುಗಬೇಕು, ಜೋತಾಡಬಾರದು. ಆಟ ಕೈಗೆ ಹತ್ತಿದ ಮೇಲೆ ಕೊಳ್ಳುವುದಾದರೆ ಮೊದಲು ಕೊಳ್ಳಬೇಕಾದದ್ದು ದುಬಾರಿಯ ತಿರುಗುವ ಚೆಂಡಲ್ಲ, ಕೈಯಳತೆಗೆ ತೂತು ಕೊರೆಸಿದ ಈ ನೇರ ಚೆಂಡು. ಬೆಳೆಯುವ ಮಕ್ಕಳ ಬೆರಳೂ ಬೆಳೆಯುತ್ತವೆ. ಅದಕ್ಕಾಗಿ ಅವಸರ ಬೇಡ.

ಬಲಗೈಯವರನ್ನು ಹೆಚ್ಚು ಕಾಡುವುದು ಬಲತುದಿಯ 10ನೇ ಪಿನ್. ಅದರೆದುರಿಗೇ ಹೋಗಿ ನಿಂತರೆ ಚೆಂಡು ಗಟಾರು ಸೇರುವುದೇ ಹೆಚ್ಚು. ಎಡಗಡೆ ಸರಿದು, ಲೇನಿನ ನಡುವೆ ಹಾಯುವಂತೆ ಬಲಕ್ಕೆ ಓರೆಯಾಗಿ ಉರುಳಿಸಬೇಕು. ಎಡತುದಿಯ 7ನೇ ಪಿನ್ನಿಗೆ ಬಲಗಡೆ ನಿಂತು ಎಡಕ್ಕೆ. ಚೆಂಡು ಕೈಬಿಟ್ಟ ಮೇಲೂ ಕಣ್ಣು ಗುರಿಯ ಮೇಲೇ ಇರಬೇಕು, ಗೋಲಿಯಾಟದಲ್ಲಿ ಇರುತ್ತಿದ್ದ ಹಾಗೆ.