ಹಾಕಿದ ದುಡ್ಡು ಯಾವಾಗ ವಾಪಸ್ ಬರ್ತದ?

ಕೆಲಸ ಬಿಟ್ಟು ಸ್ವಂತ ಬಿಸಿನೆಸ್ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಬಂಡವಾಳ ಎಲ್ಲಿಂದ ತರ್ತೀ?’ ನನ್ನನ್ನೂ ಕೇಳಿದರು. ನಾನು ಸಾಫ್ಟ್‌ವೇರ್ ಎಂಜಿನಿಯರ್. ರಾಯಚೂರಿನ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡ್ತೀನಿ. ಮಾನ್ವಿ ಕಡೆಯ ಸೋನಾ ಮಸೂರಿ ಅಕ್ಕಿಯನ್ನು ಸ್ವಚ್ಛ ಮಾಡಿ, ಪ್ಯಾಕ್ ಮಾಡಿ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಮಾರಬೇಕು ಅನ್ನೋದು ನನ್ನ ಆಸೆ. ಬಂಡವಾಳ ಅಂದರೆ ನಾವಿಬ್ಬರೂ ಮನೆ ಕಟ್ಟಲಿಕ್ಕೆ ಅಂತ ಕೂಡಿಟ್ಟ ಹಣ. ಅದು ಹೋದರೆ ಸ್ವಂತ ಮನೆಯೂ ಹೋದಂತೆ. ಹಾಗಾಗಿ ಒಂದು ವರ್ಷದಿಂದ ಬರೀ ತಯಾರಿ ಮಾಡ್ತಿದ್ದೀನಿ. ನನ್ನ ಹಾಗೆ ಯೋಚಿಸುತ್ತಿರುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಸರಿಯಾದ ಪ್ರಶ್ನೆ ಕಲಿಸಿದ್ದು ಅಪ್ಪ. ದೇವದುರ್ಗದಲ್ಲಿ ಅವರದೊಂದು ಸಣ್ಣ ಕಿರಾಣಿ ಅಂಗಡಿ. ‘ಬಂಡವಾಳ ಹೆಂಗರೆ ಹುಟ್ಟತದ ಬಿಡವ್ವ. ಹಾಕಿದ್ದು ಯಾವಾಗ ವಾಪಸ್ ಬರ್ತದ, ಅದನ್ನ ಹೇಳು’ ಅಂದರು. ಅವರ ಅಂಗಡಿಯಲ್ಲಿ ನಗದಿಗೊಂದು ಪುಸ್ತಕ, ಉದ್ರಿಗೊಂದು ಪುಸ್ತಕ. ಉದ್ರಿ ಪುಸ್ತಕವೇ ದಪ್ಪ. ಮುಂಗಾರಿನಲ್ಲಿ ಹತ್ತಿ ಬೀಜ, ಗೊಬ್ಬರ ತಂದು ರೈತರ ಕೈ ಖಾಲಿಯಾಗಿರುತ್ತದೆ. ಹತ್ತಿ ಬಿಡಿಸಿ ರಾಯಚೂರು ಎಪಿಎಂಸಿಗೆ ಹಾಕಿ ದುಡ್ಡು ಎಣಿಸೋದು ದಸರಾ, ದೀಪಾವಳಿ ದಾಟಿದ ಮೇಲೆ. ಅಲ್ಲಿವರೆಗೆ ಎಣ್ಣೆ, ಬೇಳೆ, ಸಕ್ಕರೆ ಎಲ್ಲ ಉದ್ರಿ. ಆದರೆ ಅಪ್ಪನಿಗೆ ಮಾಲು ಕೊಡುವ ಸಗಟು ವ್ಯಾಪಾರಿ ದೀಪಾವಳಿವರೆಗೆ ಕಾಯೋದಿಲ್ಲ. ಲೆಕ್ಕದಲ್ಲಿ ಲಾಭ ಇದ್ದರೂ ಗಲ್ಲಾದಲ್ಲಿ ದುಡ್ಡಿಲ್ಲದ ತಿಂಗಳುಗಳು ಅವು. ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವ ನಮ್ಮಂಥವರಿಗೆ ಈ ಸಂಕಟ ಊಹೆಗೂ ಸಿಗೋದಿಲ್ಲ.

ಅದಕ್ಕೇ ನನ್ನ ಮೊದಲ ತಯಾರಿ ಒಂದು ಎಕ್ಸೆಲ್ ಶೀಟು. ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ. ಯಾವ ತಿಂಗಳು ಎಷ್ಟು ಕೈಯಿಂದ ಹೋಗುತ್ತೆ, ಎಷ್ಟು ಕೈಗೆ ಬರುತ್ತೆ, ಅಷ್ಟೇ. ಅದನ್ನು ತುಂಬಿಸಲು ಮಾನ್ವಿಯಲ್ಲಿರುವ ನಮ್ಮ ಮಾವನವರ ಜೊತೆ ಅಕ್ಕಿ ಮಿಲ್‌ಗಳಿಗೆ ಓಡಾಡಿದೆ. ಮುಂಗಾರು ಭತ್ತದ ಕೊಯ್ಲು ನವೆಂಬರ್–ಡಿಸೆಂಬರ್. ಒಂದು ಕ್ವಿಂಟಲ್ ಭತ್ತದಿಂದ ಸುಮಾರು 65 ಕೆ.ಜಿ. ಅಕ್ಕಿ, ಉಳಿದದ್ದು ಹೊಟ್ಟು, ತೌಡು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತೆ ಅಂತ ಗಿರಾಕಿಗಳು ಹಳೆ ಅಕ್ಕಿಯನ್ನೇ ಕೇಳ್ತಾರೆ. ಆರು ತಿಂಗಳು, ವರ್ಷ ಇಟ್ಟರೆ ಒಳ್ಳೆ ಬೆಲೆ. ಅಂದರೆ ಡಿಸೆಂಬರ್‌ನಲ್ಲಿ ಭತ್ತಕ್ಕೆ ಹಾಕಿದ ದುಡ್ಡು ಜೂನ್‌ವರೆಗೆ ಗೋದಾಮಿನಲ್ಲಿ ಮಲಗಿರುತ್ತದೆ! ಬದಲಿಗೆ ಮಿಲ್‌ನಿಂದ ಹಳೆ ಅಕ್ಕಿಯನ್ನೇ ತಿಂಗಳಿಗೆ ಬೇಕಾದಷ್ಟು ಕೊಂಡರೆ ಲಾಭ ಕಡಿಮೆ, ಆದರೆ ದುಡ್ಡು ಮಲಗೋದಿಲ್ಲ. ಶೀಟು ನೋಡಿ ಇದನ್ನೇ ಆರಿಸಿಕೊಂಡೆ.

ನಮ್ಮ ಕಡೆ ನೀರಿನ ಲೆಕ್ಕವನ್ನೂ ಹಾಕಬೇಕು. ಮಾನ್ವಿಯ ಭತ್ತ ನಂಬಿರೋದು ತುಂಗಭದ್ರಾ ಎಡದಂಡೆ ಕಾಲುವೆಯನ್ನು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ನೆನಪಿದೆಯಲ್ಲ? ತಾತ್ಕಾಲಿಕ ಗೇಟ್ ಕೂಡಿಸಿ ನೀರು ನಿಲ್ಲಿಸೋವರೆಗೆ ರೈತರಷ್ಟೇ ಅಲ್ಲ, ಮಿಲ್‌ನವರು, ಹಮಾಲರು, ಗೊಬ್ಬರದ ಅಂಗಡಿಯವರು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಎರಡನೇ ಬೆಳೆಗೆ ನೀರು ಸಿಗದ ವರ್ಷಗಳೂ ಇವೆ. ಆಗ ಅಕ್ಕಿಯ ದರ ನಮ್ಮ ಕೈಲಿರೋದಿಲ್ಲ. ಅದಕ್ಕೆ ‘ಒಂದೇ ಬೆಳೆ ಬಂದ ವರ್ಷ’ ಅಂತ ಇನ್ನೊಂದು ಶೀಟು ಮಾಡಿದೆ. ಅದರಲ್ಲೂ ಉಳಿದುಕೊಂಡರೆ ಮಾತ್ರ ಅದು ಬಿಸಿನೆಸ್.

ಇನ್ನು ಸಾಲ, ಸಬ್ಸಿಡಿ. ಪಿಎಂಇಜಿಪಿ ನಿಯಮ ಓದಿದಾಗ ತಿಳಿದದ್ದಿಷ್ಟು: ಮಹಿಳೆಯರಿಗೆ ಸ್ವಂತ ಪಾಲು ಯೋಜನಾ ವೆಚ್ಚದ ಶೇ 5 ಸಾಕು, ಸಬ್ಸಿಡಿ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಹಾಗಾಗಿ ಶೆಡ್ ಮಾನ್ವಿ ಪಟ್ಟಣದೊಳಗೋ, ಪಕ್ಕದ ಪಂಚಾಯಿತಿಯಲ್ಲೋ ಅನ್ನೋದೂ ಮುಖ್ಯ. ಆದರೆ ಸಬ್ಸಿಡಿ ಕೈಗೆ ಬರೋದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅದನ್ನು ನಂಬಿ ಕೆಲಸದಾಳಿಗೆ ಕೂಲಿ ಕೊಡಲು ಆಗದು. ಇನ್ನೊಂದು ಮಾತು, ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ಮೊದಲು ಶುರು ಮಾಡಿ ಆಮೇಲೆ ಅರ್ಜಿ ಹಾಕಿದರೆ ಆಗೋದಿಲ್ಲ. ನಿಮ್ಮ ಉದ್ಯೋಗ ಯೋಜನೆಗೆ ಒಳಪಡುತ್ತಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮುಂಚೆಯೇ ಕೇಳಿ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಬ್ಯಾಂಕ್‌ಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ತರಬೇತಿಯೂ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇವಕ್ಕೆ ಮಾದರಿ.

ಸಣ್ಣ ನಿಯಮಗಳನ್ನೂ ಬಿಡಬಾರದು. ಅಂಗಡಿಗಳಲ್ಲಿ 26 ಕೆ.ಜಿ. ಅಕ್ಕಿ ಚೀಲ ಯಾಕೆ ಬಂತು ಗೊತ್ತಾ? 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ. ಅಪಾರ್ಟ್‌ಮೆಂಟ್‌ನವರು ಕೇಳೋದು 5 ಕೆ.ಜಿ., 10 ಕೆ.ಜಿ. ಹಾಗಾಗಿ ವಹಿವಾಟು ಬೆಳೆದಾಗ ಕಟ್ಟಬೇಕಾದ ತೆರಿಗೆಯನ್ನು ಈಗಲೇ ದರದಲ್ಲಿ ಲೆಕ್ಕ ಹಾಕಿದ್ದೀನಿ.

ಗಿರಾಕಿಗಳನ್ನೂ ಪರೀಕ್ಷೆ ಮಾಡಿ ನೋಡಬೇಕು. ಸಹೋದ್ಯೋಗಿಗಳ ಹನ್ನೆರಡು ಮನೆಗೆ ಎರಡೆರಡು ಕೆ.ಜಿ. ಅಕ್ಕಿ ಸ್ಯಾಂಪಲ್ ಕೊಟ್ಟೆ. ಚೆನ್ನಾಗಿದೆ ಅಂದವರು ಹನ್ನೆರಡೂ ಮಂದಿ. ಮುಂಗಡ ಕಳಿಸ್ತೀನಿ ಅಂದವರು ಐದು. ನನ್ನ ಮಾರುಕಟ್ಟೆ ಆ ಐದೇ! ಹಾಂ, ನೀವು ಕೆಲಸದಲ್ಲಿದ್ದರೆ ಬೇರೆ ವ್ಯಾಪಾರಕ್ಕೆ ಅನುಮತಿ ಇದೆಯಾ ಅಂತ ಆಫರ್ ಲೆಟರ್ ಮತ್ತೊಮ್ಮೆ ಓದಿ.

ಕೊನೆಯದು ಮನೆಯ ಲೆಕ್ಕ. ಒಂದು ವರ್ಷದ ಮನೆ ಖರ್ಚು, ಮಗಳ ಶಾಲೆ ಫೀಸು, ಆರೋಗ್ಯ ವಿಮೆಯ ಕಂತು ಬೇರೆ ಖಾತೆಯಲ್ಲಿಟ್ಟಿದ್ದೇವೆ. ಬಿಸಿನೆಸ್ ಎಷ್ಟೇ ಕೂಗಿದರೂ ಆ ಖಾತೆಗೆ ಕೈ ಹಾಕಬಾರದು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದೇವೆ. ಬರುವ ಯುಗಾದಿ ಹೊತ್ತಿಗೆ ಮುಂಗಡ ಕೊಡುವ ಮನೆಗಳು ಐವತ್ತಾದರೆ ರಾಜೀನಾಮೆ, ಇಲ್ಲದಿದ್ದರೆ ಇನ್ನೊಂದು ವರ್ಷ ಕೆಲಸ. ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೀನಿ.

ನೀವೂ ಇಂಥ ಯೋಚನೆಯಲ್ಲಿದ್ದರೆ ಪ್ರಾಜೆಕ್ಟ್ ರಿಪೋರ್ಟ್ ಬರೆಸುವ ಮೊದಲು ನಿಮ್ಮೂರಿನ ಹಳೆಯ ಅಂಗಡಿಯವರೊಬ್ಬರ ಹತ್ತಿರ ಒಂದು ತಾಸು ಕೂತು ಬನ್ನಿ. ಉದ್ರಿ ಯಾವ ತಿಂಗಳು ಏರುತ್ತೆ, ಯಾವ ತಿಂಗಳು ಇಳಿಯುತ್ತೆ ಅಂತ ಕೇಳಿ. ಊರಿನ ನಿಜವಾದ ಲೆಕ್ಕ ಗೊತ್ತಿರೋದು ಅವರಿಗೇ.