ಕುಡಿಕೆ ಹೂತಿಟ್ಟು ಹೋದವರಿಗೆ

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ ಎನ್ನುವಂತಿಲ್ಲ. ನಿಮ್ಮ ಹೆಸರೂ ಉಳಿದಿಲ್ಲ, ಮನೆಯೂ ಉಳಿದಿಲ್ಲ. ಪಾಯ ತೋಡುವಾಗಲೋ ನೇಗಿಲ ಕುಳಕ್ಕೆ ತಾಗಿಯೋ ಆಗೊಮ್ಮೆ ಈಗೊಮ್ಮೆ ಮೇಲೆ ಬರುವ ನಿಮ್ಮ ಕುಡಿಕೆ ಉಳಿದಿದೆ. ಜೊತೆಗೊಂದು ಗಾದೆ: ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು.

ಮೈ ಬಗ್ಗಿಸದ ಮಗನಿಗೆ, ಮಾವನ ಆಸ್ತಿ ನಂಬಿ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುವ ಮನೆಯಳಿಯನಿಗೆ ಇದನ್ನು ಇಂದಿಗೂ ಹೇಳುತ್ತೇವೆ. ಹೇಳುವವರು ಹೊನ್ನಿನ ಕುಡಿಕೆಯನ್ನು ಕನಸಿನಲ್ಲೂ ಕಂಡವರಲ್ಲ. ನೀವು ಕಂಡಿದ್ದಿರಿ. ವಿಜಯನಗರದ ಕಾಲದವರಾಗಿದ್ದರೆ ನಿಮ್ಮ ಹೊನ್ನಿನ ನಾಣ್ಯವಾದ ಒಂದು ವರಾಹದ ತೂಕ ಸುಮಾರು 3.4 ಗ್ರಾಂ, ಅದರರ್ಧ ಪ್ರತಾಪ, ಹತ್ತರಲ್ಲೊಂದು ಪಾಲು ಹಣ. ಕುಡಿಕೆ ತುಂಬ ವರಾಹವಿದ್ದ ಮನೆ ಸಾಮಾನ್ಯದ್ದಲ್ಲ. ಅದೂ ಸಾಲದು ಎಂದವರು ಎಂಥ ಕುಡಿಕೆಗೂ ತಳವಿದೆ ಎಂಬುದನ್ನು ಬಲ್ಲವರೇ ಇರಬೇಕು.

ಕೂತು ಉಣ್ಣುವ ಯೋಗವಿದ್ದವರು ಆಗಲೂ ಕುಡಿಕೆಯನ್ನು ನೆಚ್ಚಲಿಲ್ಲ. ಅಗ್ರಹಾರದವರು ಅರಸರಿಂದ ತೆರಿಗೆಯಿಲ್ಲದ ಸರ್ವಮಾನ್ಯದ ಭೂಮಿ ಪಡೆದು, ಸೂರ್ಯಚಂದ್ರರು ಇರುವ ತನಕ ಎಂದು ಕಲ್ಲಿನಲ್ಲಿ ಬರೆಸಿಕೊಂಡರು. ಉತ್ತವರು ಬೇರೆ, ಉಂಡವರು ಬೇರೆ. ಗುಡಿಯ ನಂದಾದೀಪಕ್ಕೆ ಗದ್ಯಾಣವೆಂಬ ಹೊನ್ನಿನ ನಾಣ್ಯ ಕೊಟ್ಟವರು ಅಸಲು ಹಾಗೇ ಇರಲಿ, ಬಡ್ಡಿಯಿಂದ ಎಣ್ಣೆ ನಡೆಯಲಿ ಎಂದು ಶಾಸನ ಹಾಕಿಸಿದರು. ದೇವರಿಗೂ ಅಸಲು ಉಣ್ಣುವ ಹಕ್ಕಿರಲಿಲ್ಲ! ಬ್ಯಾಂಕಿನ ಠೇವಣಿಗೆ ಕೈ ಹಾಕದೆ ಬಡ್ಡಿಯಲ್ಲೇ ತಿಂಗಳು ದೂಡುವ ಇಂದಿನ ನಿವೃತ್ತರು ಆ ಲೆಕ್ಕದವರೇ.

ನಿಮಗೆ ಬ್ಯಾಂಕಿರಲಿಲ್ಲ. ದಂಡು ಬರುವ ಸುದ್ದಿಯಿತ್ತು, ಕಳ್ಳರ ಕಾಟವಿತ್ತು, ದಾಯಾದಿಗಳ ಕಣ್ಣಿತ್ತು. ಹೂತಿಟ್ಟದ್ದಕ್ಕೆ ನಿಮ್ಮನ್ನು ದೂರಲಾರೆ. ಆದರೆ ಆ ಗಾದೆ ನಿಮಗೆ ಅನ್ವಯಿಸುವುದಿಲ್ಲ ಎಂದು ತಿಳಿಸಲಿಕ್ಕೇ ಈ ಪತ್ರ. ಕೂತು ಉಂಡವರ ಕುಡಿಕೆ ಬರಿದಾಗಿ, ಒಡೆದು ತಿಪ್ಪೆ ಸೇರಿತು. ಅದು ಯಾವ ವಸ್ತುಸಂಗ್ರಹಾಲಯಕ್ಕೂ ಬರಲಿಲ್ಲ. ತುಂಬಿದ ಕುಡಿಕೆ ಸಿಕ್ಕಿತೆಂದರೆ ಅದರ ಒಡೆಯರು ಕೂರಲೂ ಇಲ್ಲ, ಉಣ್ಣಲೂ ಇಲ್ಲ ಎಂದೇ ಅರ್ಥ.

ಇನ್ನೊಂದು ಸುದ್ದಿ. 1878ರಲ್ಲಿ ಬ್ರಿಟಿಷರು ನಿಧಿಗೆಂದೇ ಕಾಯ್ದೆ ತಂದರು: ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಮಕ್ಕಳು ಮೊಮ್ಮಕ್ಕಳಿಗೆಂದು ನೀವು ಮುಚ್ಚಿಟ್ಟದ್ದು ಕೊನೆಗೆ ಕಚೇರಿಯ ಕಡತ ಸೇರುತ್ತದೆ. ಹಾಗಾಗಿ ಗಾದೆಗೆ ನಿಮ್ಮ ಪಾಲಿನದನ್ನೂ ಸೇರಿಸಿಕೊಳ್ಳುತ್ತಿದ್ದೇನೆ: ಕೂತು ಉಂಡವರಿಗೆ ಹೊನ್ನು ಸಾಲಲಿಲ್ಲ, ಹೂತು ಇಟ್ಟವರಿಗೆ ಸಲ್ಲಲಿಲ್ಲ.

ಇತಿ,
ಕುಡಿಕೆಯಿಲ್ಲದವನು