ಸೋರುವ ಕವಾಟಕ್ಕೆ ಮೂರು ದಾರಿ

ಗಂಟಲುನೋವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಬೆನ್ನಿಗೇ ಬಂದ ರುಮ್ಯಾಟಿಕ್ ಜ್ವರ ಆ ಹುಡುಗಿಯ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತು. ಪಿಯುಸಿಗೆ ಬರುವಷ್ಟರಲ್ಲಿ ಮಹಡಿ ಹತ್ತಿದರೆ ಏದುಸಿರು. ಮೈಗೆ ಹೋಗಬೇಕಾದ ರಕ್ತ ಹಿಂದಕ್ಕೆ ಸೋರುತ್ತಿತ್ತು.

"ಯಾಂತ್ರಿಕ ಕವಾಟವನ್ನೇ ಹಾಕಿಬಿಡಿ ಡಾಕ್ಟ್ರೇ, ಬಹಳ ಕಾಲ ಬಾಳುತ್ತಂತಲ್ಲ" ಎಂದರು ತಂದೆ. ತಪ್ಪೇನಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲು ಅಳವಡಿಸಿದ ಸ್ವದೇಶಿ ಕವಾಟವೂ ಈ ಬಗೆಯದೇ. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ವಾರ್ಫರಿನ್‌ನಂಥ ಗುಳಿಗೆ ನುಂಗಬೇಕು. ಬಸಿರಾದಾಗ ಅದು ಮಗುವಿಗೆ ಅಪಾಯ. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಆ ಉಪದ್ರವ ಕಡಿಮೆ, ಎಳೆಯರಲ್ಲಿ ಮಾತ್ರ ಬೇಗ ಸವೆಯುತ್ತದೆ. ಸ್ವಂತ ಕವಾಟವನ್ನೇ ಉಂಗುರ ಹೊಲಿದು ರಿಪೇರಿ ಮಾಡಬಹುದು. ರುಮ್ಯಾಟಿಕ್ ರೋಗಿಗಳಲ್ಲಿ ಅದು ಮತ್ತೆ ಸೋರುವುದುಂಟು.

"ಗುಳಿಗೆ ನುಂಗುವವಳು ನಾನಲ್ಲವೇನಪ್ಪಾ?" ಎಂದಳು ಮಗಳು.

ತಂದೆ ರಿಪೇರಿಗೆ ಒಪ್ಪಿದರು. ಎದೆ ತೆರೆದ ಮೇಲೆ ಅದಾಗದಿದ್ದರೆ ಬದಲಿ ಕವಾಟ ಎಂಬ ಕಾಗದಕ್ಕೂ ಸಹಿ ಹಾಕಿದರು.